ವಸಂತಕ್ಕನ ಗ್ರೀಕ್ ಕಂಬಳಿಗಳು

ಕೀವಿಗಳ ದೇಶದ ಪಾಪಕುರಾ ಎಂಬ ಊರಿನಲ್ಲಿರುವ ವಸಂತಕ್ಕನಿಗೆ ಹೇಸಿಗೆಯೆಂಬುದೇ ಇಲ್ಲ ಎಂದು ನಮ್ಮ ಕನ್ನಡದವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಅವರು ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಮೊದಲು ಹುಬ್ಬಳ್ಳಿಯಲ್ಲಿ, ಆಮೇಲೆ ಇಲ್ಲಿ, ಒಟ್ಟು ಇಪ್ಪತ್ತಾರು ವರ್ಷ ಹುಣ್ಣು ತೊಳೆದು, ಬೆಡ್‌ಪ್ಯಾನ್ ಎತ್ತಿ, ಮುದುಕರ ಹಲ್ಲಿನ ಸೆಟ್ಟು ಉಜ್ಜಿಕೊಟ್ಟು ಬಂದವರು. ಯಾರದೋ ಮನೆಯ ಊಟಕ್ಕೆ ಕೂತು, ಆ ಬೆಳಿಗ್ಗೆ ತಾವು ಬಿಚ್ಚಿದ ಬ್ಯಾಂಡೇಜಿನ ವಾಸನೆ ಎಂಥದೆಂದು ವಿವರಿಸುತ್ತಲೇ ಮೊಸರನ್ನ ಕಲಸಿಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದವರು ತಟ್ಟೆ ಹಿಡಿದು ಮೆಲ್ಲಗೆ ಬೇರೆ ಕಡೆ ಹೋಗುತ್ತಿದ್ದರು.

ಅಂಥವರು 2016ರ ಜುಲೈ ತಿಂಗಳ, ಎಂದರೆ ಇಲ್ಲಿನ ಚಳಿಗಾಲದ, ಒಂದು ಶನಿವಾರ ಮಧ್ಯಾಹ್ನ, ಪಕ್ಕದೂರು ತಕಾನಿನಿಯ ಒಂದು ಬಾಡಿಗೆ ಕಮ್ಯುನಿಟಿ ಹಾಲಿನ ಅಡುಗೆಮನೆಯಲ್ಲಿ ಸಿಂಕಿಗೆ ಬಾಗಿ ವಾಂತಿ ಮಾಡಿಕೊಂಡರು. ನಾನು ಪಕ್ಕದಲ್ಲೇ ನಿಂತು ಟೀ ಕಪ್ಪು ಒರೆಸುತ್ತಿದ್ದೆ. ಏನಾಯಿತು ಅಕ್ಕ ಎಂದು ಕೇಳಲಿಲ್ಲ. ಏನಾಯಿತೆಂದು ನಾನೂ ನೋಡಿದ್ದೆ. ಕೇಳಿದರೆ, ನೋಡಿದ್ದೇನೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ನಾನು ಶ್ರೀನಿಧಿ. ಓದಲು ಬಂದು ಇಲ್ಲೇ ನಿಂತವನು. ತಕಾನಿನಿಯ ಹೊಸ ಬಡಾವಣೆಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ. ಆ ವರ್ಷ ನಮ್ಮ ದಕ್ಷಿಣ ತಾರೆ ಕನ್ನಡ ಬಳಗಕ್ಕೆ ಕಾರ್ಯದರ್ಶಿಯಾಗಿದ್ದೆ. ವಸಂತಕ್ಕನ ಬದುಕಿನ ಈ ಒಂದು ಚಳಿಗಾಲದ ಕಥೆಯನ್ನು ನಾನು ಬರೆಯುತ್ತಿರುವುದಕ್ಕೆ ಕಾರಣ, ಆಗ ನಾನು ಬರೆದಿಟ್ಟ ಸಭೆಯ ನಡಾವಳಿ ಸುಳ್ಳು ಎನ್ನುವುದೇ.

ವಸಂತಕ್ಕ ಗುಳೇದಗುಡ್ಡದವರು. ಅವರ ತಂದೆ ಕುಪ್ಪಸದ ಖಣ ನೇಯುತ್ತಿದ್ದರು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪನ ಪಕ್ಕದಲ್ಲಿ ನೂಲಿನ ಕಂಡಿಕೆ ಸುತ್ತುತ್ತ ಬೆಳೆದ ಹುಡುಗಿ, ನಾಲ್ಕೆಳೆ ನೂಲು ತುಟಿಗೆ ತಾಗಿಸಿ ಅದು ರೇಷ್ಮೆಯೋ, ಹತ್ತಿಯೋ, ಮೋಸವೋ ಎಂದು ಹೇಳಬಲ್ಲವಳಾಗಿದ್ದಳು. ಆ ತುಟಿ ಐವತ್ತರ ಹತ್ತಿರ ಬಂದಾಗಲೂ ಹಾಗೇ ಇತ್ತು. 2004ರಲ್ಲಿ ಗಂಡ ಲಿಂಗರಾಜಣ್ಣನ ಜೊತೆ ಇಲ್ಲಿಗೆ ಬಂದರು. ಲಿಂಗರಾಜಣ್ಣ ಮನುಕಾವ್‌ನ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ಮಾತು ಕಡಿಮೆ, ಜಗಳವಂತೂ ಇಲ್ಲವೇ ಇಲ್ಲ. ಯಾರಾದರೂ ಜೋರಾಗಿ ಮಾತಾಡಿದರೆ ಕಾರಿನ ಟೈರಿನಲ್ಲಿ ಗಾಳಿ ಇದೆಯೋ ಇಲ್ಲವೋ ನೋಡಿ ಬರುತ್ತೇನೆಂದು ಎದ್ದು ಹೋಗುವ ಮನುಷ್ಯ. ಮಕ್ಕಳಿಲ್ಲ.

ಆ ವರ್ಷ ಬಳಗದಲ್ಲಿ ನಾಟಕ ಆಡಬೇಕೆಂದು ಹೊರಟವನು ಗುರುದತ್. ಬೆಂಗಳೂರಿನವನು, ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಬಂದು ಮನೆ ಮಾರುವ ಏಜೆಂಟ್ ಆದವನು. ಆಗ ಅವನಿಗೆ ಮೂವತ್ತೆಂಟು. ತಕಾನಿನಿಯ ಯಾವ ರಸ್ತೆಗೆ ತಿರುಗಿದರೂ ಹಲ್ಲು ಬಿಟ್ಟು ನಗುವ ಅವನ ಫೋಟೋ ಬೇಲಿಗೆ ಬಡಿದಿರುತ್ತಿತ್ತು. ಹಿಂದಿನ ವರ್ಷ ರಜೆಗೆ ಗ್ರೀಸ್ ನೋಡಿಕೊಂಡು ಬಂದಿದ್ದ. ಬಂದವನೇ ಒಂದು ನಾಟಕ ಬರೆದ. ಗಂಡಂದಿರು ಯುದ್ಧಕ್ಕೆ ಹಡಗು ಹತ್ತಿ ಹೋದ ಮೇಲೆ ಒಂದು ಗ್ರೀಕ್ ಊರಿನ ಒಂಬತ್ತು ಹೆಂಗಸರು ದಡದಲ್ಲಿ ಕಾಯುವ ಕಥೆ. ಬರವಣಿಗೆ ಕೆಟ್ಟದಾಗಿರಲಿಲ್ಲ, ಅದನ್ನು ಒಪ್ಪಬೇಕು. ಒಂಬತ್ತು ಹೆಂಗಸರೂ ಸಿಕ್ಕರು. ಮುಖ್ಯ ಪಾತ್ರಕ್ಕೆ ಸ್ಮೃತಿ ಎಂಬ ಇಪ್ಪತ್ತನಾಲ್ಕರ ಹುಡುಗಿ. ಹಾಸನದವಳು, ಮನುಕಾವ್‌ನ ಪಾಲಿಟೆಕ್ನಿಕ್‌ನಲ್ಲಿ ಆರೋಗ್ಯ ಸೇವೆಯ ಕೋರ್ಸ್ ಮುಗಿಸಿ, ವಸಂತಕ್ಕನ ವೃದ್ಧಾಶ್ರಮದಲ್ಲೇ ಆರೈಕೆಯ ಕೆಲಸಕ್ಕೆ ಸೇರಿದ್ದಳು. ಹೊಲಿಗೆ ಬಲ್ಲವರೆಂದು ಉಡುಪಿನ ಹೊಣೆ ವಸಂತಕ್ಕನಿಗೆ ಬಂತು.

ಮೊದಲ ದಿನ ಗುರುದತ್ ಇಂಟರ್ನೆಟ್ಟಿನಲ್ಲಿ ತರಿಸಿದ ಒಂಬತ್ತು ಪ್ಲಾಸ್ಟಿಕ್ ಪೊಟ್ಟಣ ತಂದು ಮೇಜಿನ ಮೇಲೆ ಸುರಿದ. ಮೇಲೆ ‘ಗ್ರೀಕ್ ದೇವತೆ, ಎಲ್ಲರಿಗೂ ಒಂದೇ ಅಳತೆ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಒಳಗೆ ಬಿಳಿ ಪಾಲಿಯೆಸ್ಟರ್, ಒಂದು ಭುಜ ಖಾಲಿ, ಸೊಂಟಕ್ಕೆ ಬಂಗಾರದ ಬಣ್ಣದ ಹಗ್ಗ. ವಸಂತಕ್ಕ ಒಂದನ್ನು ಬಿಡಿಸಿದರು. ಹಾಲೆಲ್ಲ ಸೀಮೆಎಣ್ಣೆಯ ವಾಸನೆ ಹೊಡೆಯಿತು. ಬಟ್ಟೆಯನ್ನು ತುಟಿಗೆ ತಾಗಿಸಿದವರು ತಕ್ಷಣ ಅಂಗೈಯಿಂದ ತುಟಿ ಒರೆಸಿಕೊಂಡರು.

“ಇದು ಬಟ್ಟಿ ಅಲ್ಲೋ ತಮ್ಮಾ. ಕಸ ಹಾಕೋ ಚೀಲ ಐತಿ ಇದು. ಎರಡು ವಾರ ಕೊಡು ನನಗ.”

ಕೊಟ್ಟ. ವಸಂತಕ್ಕ ಪಾಪಕುರಾದ ಲೈಬ್ರರಿಗೆ ಹೋಗಿ, ಎರಡು ಕೈಯಲ್ಲಿ ಎತ್ತಬೇಕಾದಂಥ ಪುಸ್ತಕಗಳನ್ನು ಹೊತ್ತು ತಂದರು. ರಾತ್ರಿ ಪಾಳಿ ಇಲ್ಲದ ದಿನಗಳಲ್ಲಿ ಅದೇ ಓದು. ಓದಿದ್ದನ್ನು ಶನಿವಾರ ಬಂದು ನಮಗೆ ಹೇಳುತ್ತಿದ್ದರು. ಆ ಕಾಲದ ಗ್ರೀಕ್ ಹೆಂಗಸರ ಉಡುಪಿಗೆ ಕತ್ತರಿಯೇ ಬೇಕಿರಲಿಲ್ಲವಂತೆ. ಮಗ್ಗದಿಂದ ಇಳಿದ ಚೌಕದ ಬಟ್ಟೆಯನ್ನು ಹಾಗೇ ಮೈಗೆ ಸುತ್ತಿಕೊಳ್ಳುವುದು, ಮೇಲಿನ ಅಂಚನ್ನು ಸೊಂಟದವರೆಗೆ ಹೊರಕ್ಕೆ ಮಡಚುವುದು, ಎರಡೂ ಭುಜದ ಮೇಲೆ ಉದ್ದನೆಯ ಪಿನ್ನು ಚುಚ್ಚುವುದು, ನಡುವಿಗೊಂದು ಪಟ್ಟಿ. ಹೆಸರು ಪೆಪ್ಲೋಸ್. ಉಣ್ಣೆಯದು. ಆಮೇಲಾಮೇಲೆ ತೆಳು ನಾರುಬಟ್ಟೆಯ ಖಿಟೋನ್ ಎಂಬುದು ಬಂತು, ಅದಕ್ಕೆ ಹೊಲಿಗೆಯೋ ತೋಳಿನುದ್ದಕ್ಕೂ ಸಣ್ಣ ಗುಂಡಿಯೋ ಇರುತ್ತಿತ್ತು. ಮನೆಯಿಂದ ಹೊರಗೆ ಕಾಲಿಟ್ಟರೆ ಮೇಲೊಂದು ದೊಡ್ಡ ಹೊದಿಕೆ, ಮರ್ಯಾದಸ್ಥರ ಮನೆಯವರಾದರೆ ಅದನ್ನೇ ತಲೆಯ ಮೇಲೂ ಎಳೆದುಕೊಳ್ಳಬೇಕು. ನೂಲುವವರೂ ಹೆಂಗಸರೇ, ನೇಯುವವರೂ ಹೆಂಗಸರೇ. ಮಗ್ಗವನ್ನು ಗೋಡೆಗೆ ಒರಗಿಸಿ, ಹಾಸುನೂಲಿನ ತುದಿಗೆ ಮಣ್ಣಿನ ಗುಂಡು ಕಟ್ಟಿ, ನಿಂತುಕೊಂಡು ನೇಯುತ್ತಿದ್ದರಂತೆ. ಇನ್ನು ಆ ಬಿಳಿ ಬಣ್ಣ ಬರೀ ನಮ್ಮ ಭ್ರಮೆ. ಅಮೃತಶಿಲೆಯ ಮೂರ್ತಿಗಳಿಗೂ ಮೊದಲು ಕೆಂಪು, ನೀಲಿ, ಕೇಸರಿ ಬಳಿದಿದ್ದರು, ಮಳೆಗಾಳಿಗೆ ತೊಳೆದು ಹೋಗಿದೆ, ಅಷ್ಟೇ.

ಹೊಲಿಯದ ಬಟ್ಟೆ ಎಂದ ಕೂಡಲೇ ವಸಂತಕ್ಕನಿಗೆ ಅದು ತಮ್ಮದೇ ಓಣಿಯ ಸಂಗತಿಯಾಗಿ ಹೋಗಿತ್ತು.

ಉಣ್ಣೆಗೆ ಈ ದೇಶದಲ್ಲಿ ಬರವಿಲ್ಲ. ಹಳೆಯ ಕಾಲದ ಕೀವಿ ಮನೆಗಳಲ್ಲಿ ಇರುತ್ತಿದ್ದ ದಪ್ಪ ಉಣ್ಣೆಯ ಕಂಬಳಿಗಳು, ಮಾಸಿದ ಕೆನೆ ಬಣ್ಣ, ಅಂಚಿನಲ್ಲೊಂದು ನೀಲಿಯೋ ಹಸಿರೋ ಪಟ್ಟೆ, ಅವು ಧರ್ಮಾರ್ಥದ ಹಳೆ ಸಾಮಾನಿನ ಅಂಗಡಿಗಳಿಗೆ ಬಂದು ಬೀಳುತ್ತವೆ. ಮನುಕಾವ್‌ನಿಂದ ಪಾಪಕುರಾದವರೆಗೆ ಅಂಥ ಅಂಗಡಿಗಳನ್ನೆಲ್ಲ ಸುತ್ತಿ ಹನ್ನೊಂದು ಕಂಬಳಿ ತಂದರು. ಒಂದರಲ್ಲಿ ನಾಯಿಯ ಉಚ್ಚೆ ಒಣಗಿ ನಕ್ಷೆ ಬಿಡಿಸಿತ್ತು. ಇನ್ನೊಂದರ ಮಡಿಕೆಯಲ್ಲಿ ಯಾರದೋ ಕಾಲುಗುರುಗಳು. ಒಂದರ ತುಂಬ ಸಿಗರೇಟಿನ ಹೊಗೆ, ಅದರ ಮೇಲೆ ನುಸಿಗುಳಿಗೆಯ ವಾಸನೆ. ಲಿಂಗರಾಜಣ್ಣ ಮೂಗು ಹಿಡಿದುಕೊಂಡು ಗರಾಜಿನಲ್ಲಿ ಕುರ್ಚಿ ಹಾಕಿಕೊಂಡರು. ವಸಂತಕ್ಕ ಬಾತ್‌ಟಬ್ಬಿನಲ್ಲಿ ಮೊಣಕಾಲವರೆಗೆ ಇಳಿದು ಕಂಬಳಿಗಳನ್ನು ತುಳಿದರು. ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತಂತೆ. ಆರು ಸಲ ನೀರು ಬದಲಿಸಿದರು. ಎರಡು ಕಂಬಳಿ ಕೈಯಲ್ಲೇ ಹರಿದು ಹೋದವು, ಒಂಬತ್ತು ಉಳಿದವು. ತರಕಾರಿ ಅಂಗಡಿಯಿಂದ ಈರುಳ್ಳಿ ಸಿಪ್ಪೆ ಮೂಟೆಯಲ್ಲಿ ತಂದು, ಬಣ್ಣ ಹಿಡಿಯಲೆಂದು ಪಟಿಕ ಹಾಕಿ ಕುದಿಸಿ, ಅದರಲ್ಲಿ ಅದ್ದಿ, ಜೇನಿನ ಬಣ್ಣದಿಂದ ತುಕ್ಕಿನ ಬಣ್ಣದವರೆಗೆ ಒಂಬತ್ತು ಛಾಯೆ ತೆಗೆದರು. ಗರಾಜಿನಲ್ಲಿ ಸುಮ್ಮನೆ ಕೂತಿದ್ದ ಲಿಂಗರಾಜಣ್ಣ ಹಿತ್ತಾಳೆಯ ಸರಳು ಬಗ್ಗಿಸಿ ಹದಿನೆಂಟು ಪಿನ್ನು ಮಾಡಿಕೊಟ್ಟರು.

ಮೊದಲು ಹೇಳಿದ ಆ ಜುಲೈ ಶನಿವಾರ ಹಾಲಿನಲ್ಲಿ ಹೀಟರ್ ಕೆಟ್ಟಿತ್ತು. ಹೆಂಗಸರು ಜೀನ್ಸಿನ ಮೇಲೆಯೇ ಪೆಪ್ಲೋಸ್ ಉಟ್ಟು ನೋಡಿದರು. ಉಡಿಸುವಾಗ ವಸಂತಕ್ಕನ ರೀತಿಯೊಂದಿತ್ತು. ಭುಜಕ್ಕೆ ಕೈ ಹಚ್ಚುವ ಮೊದಲು, “ಇಲ್ಲೆ ಪಿನ್ ಹಾಕ್ತೇನಿ, ಹಾಕ್ಲ್ಯಾ?” ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು. ವೃದ್ಧಾಶ್ರಮದಲ್ಲಿ, ತನ್ನ ಹೆಸರೇ ಮರೆತ ಮುದುಕಿಯ ಕೈ ತೊಳೆಯುವಾಗಲೂ ಹಾಗೇ ಕೇಳುತ್ತಾರಂತೆ. ಉತ್ತರ ಬಾರದಿದ್ದರೂ ಸ್ವಲ್ಪ ಹೊತ್ತು ಕಾಯುತ್ತಾರಂತೆ.

ಬಳಗದ ಅಧ್ಯಕ್ಷ ಡಾಕ್ಟರ್ ಕೇಶವಮೂರ್ತಿಯವರ ಹೆಂಡತಿ ರತ್ನಾ ಆಂಟಿಯೂ ಆ ಒಂಬತ್ತರಲ್ಲಿ ಒಬ್ಬರು. ಎಷ್ಟು ಬೆಚ್ಚಗಿದೆ, ಹೀಗೇ ಮನೆಗೆ ಹೋಗ್ತೀನಿ ಎಂದು ಅವರು ಕಂಬಳಿಯ ಮಡಿಕೆಯೊಳಗೆ ಕೈ ಹುದುಗಿಸಿಕೊಂಡು ಓಡಾಡಿದರು. ಎಲ್ಲರೂ ನಡೆಯುವ ರೀತಿಯೇ ಬದಲಾಗಿತ್ತು. ಭಾರದ ಬಟ್ಟೆ ಮನುಷ್ಯರನ್ನು ನಿಧಾನ ಮಾಡುತ್ತದೆ.

ಗುರುದತ್ ಅರ್ಧ ಗಂಟೆ ತಡವಾಗಿ ಬಂದ. ನೋಡಿ ನಕ್ಕ. ಕುರಿ ಕಾಯೋರ ಸಂಘ ಆಯ್ತಲ್ಲ ಎಂದ. ಫೋನ್ ತೆಗೆದು ತಾನು ಅಥೆನ್ಸ್‌ನಲ್ಲಿ ತೆಗೆದ ಶಿಲ್ಪಗಳ ಫೋಟೋ ತೋರಿಸಿದ. ನೆನೆದ ಬಟ್ಟೆ ಮೈಗೆ ಅಂಟಿದ ಹಾಗೆ ಕೆತ್ತಿದ ಹೆಂಗಸರು. ಇದು ಗ್ರೀಕ್, ಇದು ಬೇಕು ನನಗೆ ಎಂದ. ಅದು ಕಲ್ಲು ಕಡಿಯುವವನ ಕೈಚಳಕ, ಊರಿನ ಹೆಂಗಸರು ಹಾಗೆ ತಿರುಗುತ್ತಿದ್ದರೆಂದು ಅರ್ಥವಲ್ಲ ಎಂದು ವಸಂತಕ್ಕ ಪುಸ್ತಕ ತೆರೆದು ಹೇಳಹೋದರು. ಅವನು ಕೇಳಿಸಿಕೊಳ್ಳಲಿಲ್ಲ. ಸ್ಮೃತಿಗೆ ಪೊಟ್ಟಣದ ಪಾಲಿಯೆಸ್ಟರ್ ಕೊಟ್ಟು ಹಾಕಿಕೊಂಡು ಬಾ ಎಂದ. ಅವಳು ಟೀ ಶರ್ಟಿನ ಮೇಲೆ ಹಾಕಿಕೊಂಡು ಬಂದಳು. ಹಾಗಲ್ಲ ಎಂದು ಮತ್ತೆ ಕಳಿಸಿದ. ಎರಡನೇ ಸಲ ಒಂದು ಭುಜ ಬಿಟ್ಟುಕೊಂಡು, ಆ ಭುಜವನ್ನು ಕೈಯಿಂದ ಮುಚ್ಚಿಕೊಂಡು ಬಂದಳು.

ಹಾಲಿನ ಕಿಟಕಿಯಲ್ಲಿ ಗಿಡಕ್ಕೆ ನೀರು ಚಿಮುಕಿಸುವ ಒಂದು ಬಾಟಲಿ ಇತ್ತು. ಗುರುದತ್ ಅದನ್ನು ಎತ್ತಿಕೊಂಡು ಅವಳ ಬೆನ್ನಿಗೆ, ಸೊಂಟಕ್ಕೆ ಸಿಂಪಡಿಸತೊಡಗಿದ. ಹೊರಗೆ ಒಂಬತ್ತು ಡಿಗ್ರಿ ಚಳಿ. ಅವಳು ಮೈ ಮುದುಡಿದಳು. ಅವನು ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಬಟ್ಟೆಯನ್ನು ಅವಳ ಮೈಗೆ ಒತ್ತಿ ಒತ್ತಿ ಸವರಿ, ಸುಕ್ಕು ಕೂರಿಸುತ್ತ, ನೋಡಿ ಹೀಗೆ, ನೋಡಿ ಹೀಗೆ ಎಂದು ನಮಗೆಲ್ಲ ಪಾಠ ಮಾಡುತ್ತಿದ್ದ. ಯಾರೋ ಕಿಸಕ್ಕೆಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈಯಲ್ಲಿದ್ದ ಕಪ್ಪಿನ ಒಳಗೆ ನೋಡಿದೆ.

ಸ್ಮೃತಿ ನಗುತ್ತಿದ್ದಳು. ಆ ನಗು ತನಗೆ ಗೊತ್ತು ಎಂದು ವಸಂತಕ್ಕ ಆಮೇಲೆ ಹೇಳಿದರು. ಮಾತು ಸತ್ತ ಮುದುಕಿಯರು, ಒರಟು ಕೈಯ ಯಾರಾದರೂ ಮೈ ತೊಳೆಯಲು ಬಂದರೆ ಹಾಗೆ ನಗುತ್ತಾರಂತೆ, ಬೇಗ ಮುಗಿಯಲಿ ಎಂದು.

ವಸಂತಕ್ಕ ಹೋಗಿ ಬಾಟಲಿ ಕಿತ್ತುಕೊಂಡರು.

“ಗುರುದತ್, ಆಕಿ ಮೈ ಮುಟ್ಟೂ ಮೊದಲು ಆಕಿನ್ನ ಕೇಳಿದ್ಯಾ?”

“ಆಂಟಿ, ಡೈರೆಕ್ಟರ್ ನಾನು. ಇದು ಆರ್ಟ್. ನೀವು ಕಂಬಳಿ ನೋಡ್ಕೊಳ್ಳಿ, ಸಾಕು.”

ಹೀಗೆಂದವನು ತನ್ನ ಒದ್ದೆ ಬೆರಳುಗಳನ್ನು ಸ್ಮೃತಿಯ ಸೊಂಟದ ಬಟ್ಟೆಗೆ ಒರೆಸಿದ. ಮಾತಿನ ನಡುವೆ, ಅವಳ ಕಡೆ ನೋಡದೆ, ಟವೆಲ್ಲಿಗೆ ಒರೆಸಿಕೊಳ್ಳುವ ಹಾಗೆ ಎರಡು ಸಲ, ಹಿಂದೆ ಮುಂದೆ. ವಸಂತಕ್ಕ ವಾಂತಿ ಬಂದು ಸಿಂಕಿನ ಕಡೆ ಓಡಿದ್ದು ಆಗ.

ಸಂಜೆ ಸ್ಮೃತಿಯನ್ನು ಅವರೇ ಕಾರಿನಲ್ಲಿ ಪಾಪಕುರಾದ ತಮ್ಮ ಮನೆಗೆ ಕರೆದುಕೊಂಡು ಹೊರಟರು. ದಾರಿಯಲ್ಲಿ ಏನೂ ಕೇಳಲಿಲ್ಲ. ಪಾಪಕುರಾ ಸ್ಟೇಷನ್ನಿನ ಹತ್ತಿರ ಗೇಟು ಬಿದ್ದು ರೈಲಿಗೆ ಕಾಯುವಾಗ ಹುಡುಗಿಯೇ ಬಾಯಿ ಬಿಟ್ಟಳು. ಅವಳಿದ್ದದ್ದು ತಕಾನಿನಿಯಲ್ಲಿ ಗುರುದತ್ ಬಾಡಿಗೆಗೆ ಕೊಡುತ್ತಿದ್ದ ಅವನದೇ ಇನ್ನೊಂದು ಮನೆಯಲ್ಲಿ, ಮೂವರು ಫ್ಲಾಟ್‌ಮೇಟ್‌ಗಳ ಜೊತೆ. ಬಂದ ಹೊಸದರಲ್ಲಿ ಯಾರೂ ರೂಮು ಕೊಡದಿದ್ದಾಗ ಅವನು ಕೊಟ್ಟಿದ್ದ. ಬೀಗದ ಕೈ ಒಂದು ಅವನ ಹತ್ತಿರವೂ ಇತ್ತು. ಒದ್ದೆ ಗೋಡೆ ನೋಡಲು, ಹೊಗೆಯ ಅಲಾರಂ ನೋಡಲು ಎಂದು ಬರುತ್ತಿದ್ದ. ಬಂದಾಗಲೆಲ್ಲ ಅವಳ ಸ್ಕಾರ್ಫ್ ಸರಿ ಮಾಡುತ್ತಿದ್ದ, ಸ್ವೆಟರಿನ ಮೇಲಿನ ಎಳೆ ತೆಗೆಯುತ್ತಿದ್ದ. ಬೈದದ್ದಿಲ್ಲ, ಹೊಡೆದದ್ದಿಲ್ಲ.

“ಏನೂ ಮಾಡ್ಲಿಲ್ಲ ಆಂಟಿ ಅವ್ರು. ಅದಕ್ಕೇ ಯಾರಿಗೂ ಹೇಳೋಕೆ ಆಗ್ತಿರ್ಲಿಲ್ಲ. ಮನೆಗೆ ಬಂದು ಮೂರು ಮೂರು ಸಲ ಸ್ನಾನ ಮಾಡ್ತಿದ್ದೆ.”

ಮರುದಿನ ಬೆಳಿಗ್ಗೆ ಲಿಂಗರಾಜಣ್ಣ ಗೋದಾಮಿನ ಗೆಳೆಯನ ಯೂಟ್, ಹಿಂದೆ ಸಾಮಾನು ಹೇರುವ ಗಾಡಿ, ಕೇಳಿ ತಂದು ಹುಡುಗಿಯ ಮಂಚ, ಪೆಟ್ಟಿಗೆಗಳನ್ನು ಹೇರಿಕೊಂಡು ಬಂದು ತಮ್ಮ ಹಿಂದಿನ ಕೋಣೆಯಲ್ಲಿ ಇಳಿಸಿದರು. ಇಳಿಸಿದ ಮೇಲೆ ಹೆಂಡತಿಗೆ, ಹುಡುಗಿ ಎಷ್ಟು ದಿನ ಬೇಕಾದರೂ ಇರಲಿ, ಆದರೆ ಬಳಗದಲ್ಲಿ ಇದನ್ನು ಎತ್ತುವುದು ಬೇಡ, ಇರುವುದೇ ನಾಲ್ಕು ಜನ, ನಾಳೆ ನಮ್ಮ ಹೆಣ ಎತ್ತಲಿಕ್ಕೂ ಅವರೇ ಬೇಕು ಎಂದರಂತೆ. ಅಂಥವರು ನನ್ನ ಹೆಣಕ್ಕೆ ಕೈ ಹಚ್ಚುವುದೂ ಬೇಡ ಎಂದು ವಸಂತಕ್ಕ ಉತ್ತರ ಕೊಟ್ಟರಂತೆ.

ಮುಂದಿನ ಭಾನುವಾರ ಮನುಕಾವ್‌ನ ಡಾಕ್ಟರ್ ಕೇಶವಮೂರ್ತಿಯವರ ಮನೆಯಲ್ಲಿ ಸಮಿತಿ ಸೇರಿತು. ಮೈಸೂರಿನಲ್ಲಿ ಓದಿದ ಹಿರಿಯ ವೈದ್ಯರು, ಎಲ್ಲರಿಗೂ ಗೌರವ. ಗುರುದತ್ ಎದುರಿನ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನಾನು ನಡಾವಳಿ ಪುಸ್ತಕ ಹಿಡಿದಿದ್ದೆ. ವಸಂತಕ್ಕ ನಡೆದದ್ದನ್ನು ಬಿಡಿಸಿ ಹೇಳಿದರು, ಬೀಗದ ಕೈಯ ಸಂಗತಿಯನ್ನೂ ಹುಡುಗಿಯ ಒಪ್ಪಿಗೆ ಪಡೆದೇ ಹೇಳಿದರು. ಗುರುದತ್ ಬಾಯಿ ತೆರೆಯುವ ಮೊದಲೇ ಡಾಕ್ಟರು ಕೈಯೆತ್ತಿ ಸುಮ್ಮನಿರಿಸಿದರು. ವಸಂತಕ್ಕನ ಪರವಾಗಿಯೇ ಮಾತಾಡಿದರು.

“ವಸಂತಾ ಹೇಳ್ತಿರೋದು ನೂರಕ್ಕೆ ನೂರು ಸರೀಪ್ಪಾ. ನಮ್ಮ ಹೆಣ್ಣುಮಕ್ಕಳು ಸ್ಟೇಜ್ ಮೇಲೆ ಆ ಥರ ನಿಲ್ಲೋದು ನನಗೂ ಹಿಡಿಸ್ಲಿಲ್ಲ. ಕತ್ತಿಂದ ಕಾಲ್ತನಕ ಮುಚ್ಚಿರ್ಬೇಕು, ತಲೆ ಮೇಲೂ ಸೆರಗಿರ್ಲಿ, ಗ್ರೀಕರಲ್ಲೂ ಹಾಗೇ ಇತ್ತಂತಲ್ಲ. ಆ ಹುಡುಗಿ ಒಂದಷ್ಟು ದಿನ ನಾಟಕದಿಂದ ದೂರ ಇರ್ಲಿ, ಅವಳ ಒಳ್ಳೇದಕ್ಕೇ. ಅಲ್ಲಿಗೆ ಮುಗೀತು.”

ಎಲ್ಲರೂ ತಲೆಯಾಡಿಸಿದರು. ಗುರುದತ್ ಕೂಡ ಆಡಿಸಿದ. ನಾನೂ.

ವಸಂತಕ್ಕನ ಮುಖ ಹಾಲಿನಲ್ಲಿ ಬಾಟಲಿ ಕಿತ್ತುಕೊಂಡಾಗ ಇದ್ದದ್ದಕ್ಕಿಂತ ಕೆಟ್ಟದಾಯಿತು. ಆ ದೊಡ್ಡ ಪುಸ್ತಕಗಳಲ್ಲಿ ಓದಿದ ಒಂದು ಸಂಗತಿ ಹೇಳುತ್ತೇನೆಂದರು. ಗ್ರೀಕರ ಇತಿಹಾಸಕಾರನೊಬ್ಬ ಬರೆದಿಟ್ಟದ್ದಂತೆ. ಅಥೆನ್ಸ್‌ನ ಗಂಡಸರು ಎದುರಿನ ಒಂದು ದ್ವೀಪದ ಮೇಲೆ ದಂಡೆತ್ತಿ ಹೋಗಿ ಎಲ್ಲರೂ ಸತ್ತರು. ಒಬ್ಬನೇ ಒಬ್ಬ ತಿರುಗಿ ಬಂದ. ಹೆಂಡಿರೆಲ್ಲ ಅವನನ್ನು ಸುತ್ತುಗಟ್ಟಿ, ನನ್ನ ಗಂಡನೆಲ್ಲಿ, ನನ್ನ ಗಂಡನೆಲ್ಲಿ ಎಂದು ಕೇಳುತ್ತ ತಂತಮ್ಮ ಭುಜದ ಪಿನ್ನು ಕಿತ್ತು ಚುಚ್ಚಿ ಅವನನ್ನು ಕೊಂದುಬಿಟ್ಟರು. ಊರಿನ ಹಿರಿಯರಿಗೆ ತಮ್ಮ ಸೈನ್ಯ ಸತ್ತದ್ದಕ್ಕಿಂತ ಹೆಂಗಸರು ಮಾಡಿದ್ದೇ ಘೋರವಾಗಿ ಕಂಡಿತು. ಏನು ಶಿಕ್ಷೆ ಕೊಡುವುದೆಂದು ತಿಳಿಯದೆ, ಹೆಂಗಸರ ಉಡುಪು ಬದಲಿಸಿದರು. ಪಿನ್ನಿನ ಉಣ್ಣೆಬಟ್ಟೆ ಬೇಡ, ಪಿನ್ನು ಬೇಡದ ನಾರುಬಟ್ಟೆ ಉಡಿ ಎಂದರು.

“ಯುದ್ಧಕ್ಕ ಯಾಕ ಕಳಿಸಿದ್ವಿ ಅಂತ ಒಬ್ಬನೂ ಕೇಳಲಿಲ್ರಿ ಅಲ್ಲೆ,” ಎಂದರು ವಸಂತಕ್ಕ. “ಬಟ್ಟಿ ಬದಲು ಮಾಡಿದ್ರು, ಮುಗೀತು. ನೀವೂ ಈಗ ಅದನ್ನ ಮಾಡಾಕತ್ತೀರಿ. ಅವಂಗ ಬಿಚ್ಚಿಸಿ ನೋಡೂದು ಬೇಕು, ನಿಮಗ ಮುಚ್ಚಿಸಿ ನೋಡೂದು ಬೇಕು. ನಾ ಬಟ್ಟೀದು ಹೇಳಾಕ ಬಂದಿಲ್ರಿ ಡಾಕ್ಟರ್, ಕೈಯಿಂದು ಹೇಳಾಕ ಬಂದೇನಿ. ಆ ಕೈ ಬಗ್ಗೆ ಒಂದು ಮಾತು ಯಾಕ ಬರವಲ್ದು ನಿಮ್ಮ ಬಾಯಾಗ?”

ಗುರುದತ್ ನಕ್ಕು, ಆಂಟಿಗೆ ಸ್ಟ್ರೆಸ್ ಜಾಸ್ತಿ ಆಗಿದೆ, ನೈಟ್ ಶಿಫ್ಟ್ ಅಲ್ವಾ ಎಂದ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

ಆಗ ಬಾಗಿಲಲ್ಲಿ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ನಿಂತಿದ್ದ ರತ್ನಾ ಆಂಟಿ ಮಾತಾಡಿದರು. ಗಂಡನನ್ನು ನೋಡಲಿಲ್ಲ, ತಟ್ಟೆಗಳನ್ನೇ ನೋಡುತ್ತ ಹೇಳಿದರು.

“ಯುಗಾದಿ ದಿನ ನನ್ನ ಸೆರಗನ್ನೂ ಸರಿ ಮಾಡಿದ್ದ ಇವನು. ನಾನು ನಕ್ಕುಬಿಟ್ಟಿದ್ದೆ. ಮೊನ್ನೆ ಹಾಲಿನಲ್ಲಿ ಕಿಸಕ್ಕೆಂದವಳೂ ನಾನೇ.”

ತಟ್ಟೆಗಳನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು. ಯಾರೂ ಉಪ್ಪಿಟ್ಟು ಮುಟ್ಟಲಿಲ್ಲ. ಡಾಕ್ಟರ ಕಿವಿ ಕೆಂಪಾಗಿತ್ತು. ಅವರು ಗುರುದತ್‌ನನ್ನು ಏನೂ ಕೇಳಲಿಲ್ಲ, ಇವತ್ತಿಗೆ ಸಾಕು ಎಂದು ಎದ್ದರು. ಆ ದಿನದ ನಡಾವಳಿಯಲ್ಲಿ ನಾನು ಬರೆದದ್ದು ಇಷ್ಟು: ‘ನಾಟಕದ ಉಡುಪಿನ ಬಗ್ಗೆ ಚರ್ಚಿಸಲಾಯಿತು.’ ಆ ಪುಸ್ತಕ ಈಗಲೂ ಬಳಗದ ಕಪಾಟಿನಲ್ಲಿದೆ. ಅಕ್ಷರ ದುಂಡಗಿವೆ. ನೋಡಿದರೆ ನನಗೇ ವಾಕರಿಕೆ ಬರುತ್ತದೆ.

ಸ್ಮೃತಿಯ ಹೊರತು ಉಳಿದ ಎಂಟು ಹೆಂಗಸರಲ್ಲಿ ಐವರು ನಾಟಕ ಬಿಟ್ಟರು. ನಿಜವಾದ ಕಾರಣ ಬರೆದು ಕಳಿಸಿದವರು ರತ್ನಾ ಆಂಟಿ ಒಬ್ಬರೇ, ಉಳಿದವರು ಮಂಡಿ ನೋವು, ಅತ್ತೆ ಬರುತ್ತಾರೆ ಎಂದೆಲ್ಲ ಹೇಳಿದರು. ನಾಟಕ ನಿಂತಿತು. ನಿಲ್ಲಿಸಿದವರು ವಸಂತಕ್ಕ ಎಂದಾಯಿತು. ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಪ್ರತಿ ವರ್ಷ ಆರು ಮನೆಯಿಂದ ಫೋನ್ ಬರುತ್ತಿತ್ತು. ಆ ವರ್ಷ ಒಂದು ಬಂತು. ಮುದುಕರ ಹೇಲು ಬಾಚುವವಳಿಗೆ ಕಲೆ ಏನು ಗೊತ್ತು ಎಂದು ಒಬ್ಬರು ಅಂದದ್ದು ನನ್ನ ಕಿವಿಗೂ ಬಿತ್ತು. ಅಂದವರು ಗುರುದತ್‌ನ ಕೈ ಕುಲುಕಿ ಹೊಸ ಮನೆ ಕೊಂಡವರು.

ಆಗಸ್ಟಿನ ಕೊನೆಗೆ ಸ್ಮೃತಿಯೇ ಒಂದು ಮಾತು ತೆಗೆದಳಂತೆ. ಅಷ್ಟು ಕಷ್ಟಪಟ್ಟು ತೊಳೆದ ಕಂಬಳಿ, ಒಂದು ಸಲವಾದರೂ ಉಡೋಣ ಎಂದು. ವೃದ್ಧಾಶ್ರಮದವರನ್ನು ಕೇಳಿ, ಒಂದು ಮಂಗಳವಾರ ಮಧ್ಯಾಹ್ನ ಅಲ್ಲಿನ ದೊಡ್ಡ ಕೋಣೆಯಲ್ಲಿ, ಬಿಟ್ಟು ಬಂದ ಐವರೂ ಸ್ಮೃತಿಯೂ ಸೇರಿ ಗ್ರೀಕ್ ಉಡುಪು ಎಂದರೇನೆಂದು ಅಲ್ಲಿನವರಿಗೆ ತೋರಿಸಿದರು. ಗುರುದತ್ ಬರೆದ ನಾಟಕದ ಮಾತು ಒಂದನ್ನೂ ಬಳಸಲಿಲ್ಲ. ಕುರ್ಚಿ ಹಾಕಲು ನನ್ನನ್ನು ಕರೆದಿದ್ದರು. ಹೋದೆ.

ವಸಂತಕ್ಕ ಯಾರಿಗೂ ಉಡಿಸಲಿಲ್ಲ. ಒಬ್ಬೊಬ್ಬರ ಕೈಗೂ ಒಂದು ಕಂಬಳಿ, ಎರಡು ಪಿನ್ನು ಕೊಟ್ಟು, ಹೇಗೆ ಬೇಕೋ ಹಾಗೆ ಉಟ್ಟುಕೊಳ್ಳಿ ಎಂದರು. ರತ್ನಾ ಆಂಟಿ ತಲೆಯ ಮೇಲೆ ಎಳೆದುಕೊಂಡರು, ಕಿವಿಗೆ ಗಾಳಿ ಬಡಿದರೆ ತಲೆನೋವು ಬರುತ್ತದೆಂದು. ಸ್ಮೃತಿ ಎರಡೂ ತೋಳು ಬಿಟ್ಟುಕೊಂಡು, ಒಂದು ಪಕ್ಕ ಪೂರ್ತಿ ತೆರೆದು, ಒಳಗೆ ಜೀನ್ಸ್ ಕಾಣುವ ಹಾಗೆ ಉಟ್ಟು ಕೋಣೆಯ ಮಧ್ಯೆ ನಿಂತಳು. ಗಾಲಿಕುರ್ಚಿಯಲ್ಲಿದ್ದ ಒಬ್ಬ ಕೀವಿ ಅಜ್ಜಿ ಅವಳನ್ನು ಹತ್ತಿರ ಕರೆದು, ಅಂಚಿನ ನೀಲಿ ಪಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ನನ್ನ ಮದುವೆಯ ಹಾಸಿಗೆಗೆ ಇಂಥದೇ ಇತ್ತು, ಚುಚ್ಚುತ್ತದೆ ಅಲ್ಲವಾ ಎಂದು ಕೇಳಿದಳು. ಹೌದು, ತುಂಬ ಚುಚ್ಚುತ್ತದೆ ಎಂದು ಸ್ಮೃತಿ ಒಪ್ಪಿಕೊಂಡಳು. ಇಬ್ಬರೂ ಬಹಳ ಹೊತ್ತು ನಕ್ಕರು.

ಅಕ್ಟೋಬರಿನಲ್ಲಿ ಸ್ಮೃತಿಗೆ ದೂರದ ಊರು ಪಾಮರ್ಸ್ಟನ್ ನಾರ್ತ್‌ನಲ್ಲಿ ಕೆಲಸ ಸಿಕ್ಕಿ ಹೊರಟುಹೋದಳು. ಹೋಗುವಾಗ ಕಂಬಳಿಯನ್ನು ಬಿಟ್ಟೇ ಹೋದಳು, ಲಗೇಜಿನಲ್ಲಿ ಜಾಗವಿರಲಿಲ್ಲ.

ನವೆಂಬರಿನ ರಾಜ್ಯೋತ್ಸವಕ್ಕೆ ವಸಂತಕ್ಕ, ಲಿಂಗರಾಜಣ್ಣ ಬಂದರು. ಬರಲೇಬೇಕೆಂದು ಹಟ ಹಿಡಿದವರು ಲಿಂಗರಾಜಣ್ಣನೇ. ಹಿಂದಿನ ಸಾಲಿನಲ್ಲಿ ಕೂತರು. ಪಕ್ಕದ ಎರಡು ಕುರ್ಚಿ ಕೊನೆಯವರೆಗೂ ಖಾಲಿ ಇದ್ದವು. ಸಮುದಾಯ ಸೇವೆಗೆಂದು ಡಾಕ್ಟರು ಗುರುದತ್‌ಗೆ ಶಾಲು ಹೊದಿಸಿದರು. ಹೊದಿಸುವಾಗ ಅವರ ಕೈ ಅವನ ಭುಜಕ್ಕೆ ತಾಗದ ಹಾಗೆ ಎತ್ತರದಿಂದ ಶಾಲು ಬಿಟ್ಟದ್ದನ್ನು ನಾನು ನೋಡಿದೆ. ಬೇರೆ ಯಾರೂ ಗಮನಿಸಿರಲಾರರು. ಜನ ಚಪ್ಪಾಳೆ ತಟ್ಟಿದರು. ನಾಟಕ ಬಿಟ್ಟಿದ್ದ ಐವರಲ್ಲಿ ಇಬ್ಬರು ಕೂಡ ತಟ್ಟಿದರು. ರತ್ನಾ ಆಂಟಿ ಬಂದಿರಲಿಲ್ಲ.

ವಸಂತಕ್ಕ ಎದ್ದು ಹೊರಗೆ ಹೋದರು. ಆಗಲೇ ಊಟದ ಸಾಲು ಹತ್ತಿತ್ತು. ಲಿಂಗರಾಜಣ್ಣ ಎರಡು ತಟ್ಟೆಗೆ ಬಿಸಿಬೇಳೆಬಾತು ಹಾಕಿಸಿಕೊಂಡು ಕಾರಿನ ಹತ್ತಿರ ಹೋದರು. ಹಿಂದೆಯೇ ನಾನೂ ಹೋದೆ. ನಾಲ್ಕು ತಿಂಗಳಿಂದ ನಾಲಿಗೆಯ ಮೇಲಿದ್ದ ಒಂದು ಮಾತು ಹೇಳಬೇಕಿತ್ತು. ತಪ್ಪಾಯಿತು ಅಕ್ಕ, ಆ ದಿನ ನಾನೂ ನೋಡಿದ್ದೆ ಎಂದು ಹೇಳಿದೆ.

“ಗೊತ್ತೈತಿ,” ಎಂದರು ವಸಂತಕ್ಕ. ಅಷ್ಟೇ. ನನ್ನ ಕಡೆ ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಲಿಂಗರಾಜಣ್ಣ ತಟ್ಟೆ ಚಾಚಿದರು. ವಸಂತಕ್ಕ ತಲೆಯಾಡಿಸಿದರು, ಆ ಸೌಟು ಹಿಡಿದವರು ಯಾರು ಅಂತ ನೋಡಿದೆಯಾ ಎಂದು ಮಾತ್ರ ಕೇಳಿದರು. ಬಡಿಸುತ್ತಿದ್ದವನು ಶಾಲು ಹೊದ್ದ ಗುರುದತ್. ಲಿಂಗರಾಜಣ್ಣ ಎರಡು ತಟ್ಟೆಯನ್ನೂ ಒಂದು ನಿಮಿಷ ನೋಡಿದರು. ಆಮೇಲೆ ಹಾಲಿನ ಬಾಗಿಲ ತನಕ ನಡೆದು ಹೋಗಿ, ಒಳಗಿದ್ದವರೆಲ್ಲ ನೋಡುತ್ತಿರುವಾಗಲೇ, ತುಪ್ಪ ಸುರಿಯುವ ಆ ಬಾತನ್ನು ಕಸದ ಡಬ್ಬಿಗೆ ಬಗ್ಗಿಸಿ, ತಟ್ಟೆಗಳನ್ನು ಮೇಲೆ ಮಗುಚಿ ಹಾಕಿ ಬಂದರು. ನಾನು ಕಂಡಂತೆ ಅವರು ಜನರೆದುರು ಮಾಡಿದ ಮೊದಲ ಜಗಳ ಅದು. ಕಾರು ತೆಗೆಯುವಾಗ ಕೀಲಿ ಎರಡು ಸಲ ಕೆಳಗೆ ಬಿತ್ತು.

ಮನೆಗೆ ಮರಳುವ ದಾರಿಯಲ್ಲಿ ಪಾಪಕುರಾದ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ, ಕಾಗದದಲ್ಲಿ ಸುತ್ತಿದ ಬಿಸಿ ಆಲೂಗಡ್ಡೆ ಚಿಪ್ಸ್ ತಂದು, ಕಿಟಕಿ ಏರಿಸಿಕೊಂಡು ಇಬ್ಬರೂ ತಿಂದರಂತೆ. ಉಪ್ಪು ಹೆಚ್ಚಾಗಿತ್ತಂತೆ, ಆದರೂ ವಸಂತಕ್ಕ ಒಂದೂ ಬಿಡದೆ ತಿಂದರಂತೆ. ಲಿಂಗರಾಜಣ್ಣ ಇನ್ನೊಂದು ಪೊಟ್ಟಣ ತರಲು ಇಳಿದು ಹೋದರಂತೆ.